ಅಪ್ಪನ ಬೀಡಿ, ಅವ್ವನ ರಿಪೋರ್ಟು

ಹೋದ ತಿಂಗಳು ಈ ಅಂಕಣದಲ್ಲಿ ಸಕ್ಕರೆ ಕಾಯಿಲೆ ಮನೆತನದಲ್ಲಿ ಹೇಗೆ ಇಳಿದು ಬರುತ್ತದೆ ಎಂದು ಬರೆದಿದ್ದೆ. ಅದಕ್ಕೆ ಬಂದ ಕಾಗದ, ವಾಟ್ಸಾಪ್ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಸಕ್ಕರೆ ಬಿಟ್ಟು ಕ್ಯಾನ್ಸರ್ ಬಗ್ಗೆ ಇದ್ದವು. ಅದರಲ್ಲೂ ಶ್ವಾಸಕೋಶದ್ದು. ಹೆಸರು ಹಾಕಬೇಡಿ ಅಂದಿದ್ದಾರೆ ಬಹಳ ಜನ, ಹಾಕಿಲ್ಲ. ಊರಷ್ಟೇ ಇದೆ.

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಮ್ಮಪ್ಪ 58ಕ್ಕೇ ಹೋದರು, ಶ್ವಾಸಕೋಶದ ಕ್ಯಾನ್ಸರ್. ಕಾಕಾನೂ ಅದರಲ್ಲೇ ಹೋದರು, ಎರಡು ವರ್ಷ ಆಯಿತು. ಇಬ್ಬರೂ ಬೀಡಿ ಸೇದುತ್ತಿದ್ದರು. ನನಗೆ 36, ಟಿಪ್ಪರ್ ಓಡಿಸುತ್ತೇನೆ, ದಿನಕ್ಕೆ ಒಂದು ಕಟ್ಟು ಬೇಕು. ಬಿಡಬೇಕು ಅಂತ ಮನಸ್ಸಿದೆ. ಆದರೆ ಗೆಳೆಯರು, "ರಕ್ತದಾಗೇ ಅದ ಅಂದ್ಮ್ಯಾಲೆ ಬಿಟ್ಟು ಏನ್ ಉಪಯೋಗ" ಅಂತಾರೆ. ಹೌದಾ? (ಚಿತ್ತಾಪುರ)

ಉತ್ತರ: ಅಲ್ಲ ತಮ್ಮಾ. ರಕ್ತದಲ್ಲಿ ಬಂದದ್ದು ಕ್ಯಾನ್ಸರ್ ಅಲ್ಲ. ಬಂದಿದ್ದರೆ, ಹೊಗೆಯನ್ನು ತಡೆದುಕೊಳ್ಳುವ ಶಕ್ತಿ ಒಂದಿಷ್ಟು ಕಡಿಮೆ ಬಂದಿರಬಹುದು ಅಷ್ಟೇ.

ನಿಮ್ಮ ಕಡೆ ತೊಗರಿ ಬಿತ್ತುವವರಿಗೆ ನೆಟೆ ರೋಗ ಹೊಸದಲ್ಲ. ಹೂವು, ಕಾಯಿ ಹಿಡಿಯುವ ಹೊತ್ತಿಗೆ ನಿಂತ ಗಿಡ ನಿಂತಂತೆಯೇ ಒಣಗಿ ಹೋಗುತ್ತದೆ. ರೋಗದ ಬೂಷ್ಟು ಮಣ್ಣಲ್ಲಿ ಕೂತಿರುತ್ತದೆ. ಅದೇ ಮಣ್ಣಿಗೆ ಮಾರುತಿ ತಳಿಯನ್ನೋ ಟಿಎಸ್-3ಆರ್ ತಳಿಯನ್ನೋ ಹಾಕಿದರೆ ಮಟ್ಟಸವಾಗಿ ತಡೆದುಕೊಳ್ಳುತ್ತದೆ, ತಡೆಯದ ತಳಿ ಹಾಕಿದರೆ ಸಾಲಿಗೆ ಸಾಲೇ ಹೋಗುತ್ತದೆ. ಈಗ ಹೇಳಿ, ಗಿಡ ಸಾಯಿಸಿದ್ದು ಬೀಜವಾ ಮಣ್ಣಾ? ಎರಡಕ್ಕೂ ಪಾಲಿದೆ. ಆದರೆ ಮಣ್ಣಲ್ಲಿ ರೋಗ ಇಲ್ಲದ ಹೊಲದಲ್ಲಿ ತಡೆಯದ ತಳಿಯೂ ಬೆಳೆ ಕೊಡುತ್ತದೆ. ನಿಮ್ಮ ಮನೆಯಲ್ಲಿ ಆ ಮಣ್ಣು ಬೀಡಿ.

ಲೆಕ್ಕಕ್ಕೆ ಬರೋಣ. ಒಮ್ಮೆಯೂ ಸೇದದವನಿಗೆ ಇರುವ ಅಪಾಯ ಒಂದು ರೂಪಾಯಿ ಅಂದುಕೊಳ್ಳಿ. ಸಿಗರೇಟು ಸೇದುವವನದು 15ರಿಂದ 30 ರೂಪಾಯಿ. ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕ್ಯಾನ್ಸರ್ ಬಂದಿದ್ದರೆ ಅಪಾಯ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಅಂದರೆ ಸೇದದ ಮಗನ ಒಂದು ರೂಪಾಯಿ ಒಂದೂವರೆ ರೂಪಾಯಿ ಆಗುತ್ತದೆ, ಸೇದುವ ಮಗನ 20 ರೂಪಾಯಿ 30 ಆಗುತ್ತದೆ. ಅಪ್ಪನಿಂದ ಬಂದ ಪಾಲು ಇಬ್ಬರಿಗೂ ಒಂದೇ. ಆದರೆ ಒಬ್ಬನಿಗೆ ಎಂಟಾಣೆ ಹೆಚ್ಚಾಯಿತು, ಇನ್ನೊಬ್ಬನಿಗೆ ಹತ್ತು ರೂಪಾಯಿ. ಹಾಗಾಗಿ ಗೆಳೆಯರು ಹೇಳಿದ್ದು ಪೂರ್ತಿ ಉಲ್ಟಾ. ಮನೆತನದಲ್ಲಿ ಇದೆ ಅನ್ನುವವನಿಗೇ ಬಿಟ್ಟರೆ ಜಾಸ್ತಿ ಲಾಭ.

ಆ ಒಂದೂವರೆ ಪಟ್ಟೂ ಎಲ್ಲ ಜೀನಿನದ್ದೇ ಅಲ್ಲ. ಬೀಡಿ ಸೇದುವ ಅಪ್ಪನ ಜೊತೆ ಒಂದೇ ಖೋಲಿಯಲ್ಲಿ ಮಲಗಿ ಬೆಳೆದ ಮಗನಿಗೆ ಜೀನಿನ ಜೊತೆ ಹೊಗೆಯೂ ಬಂದಿರುತ್ತದೆ, ಅಲ್ವಾ? ಸೇದುವವರ ಜೊತೆ ಬಾಳುವುದರಿಂದಲೇ, ಸೇದದವರಿಗೂ ಅಪಾಯ 20ರಿಂದ 30 ಪರ್ಸೆಂಟ್ ಏರುತ್ತದೆ.

ಇನ್ನು ಜೀನಿನ ಮಾತು. 2008ರಲ್ಲಿ ಐಸ್‌ಲ್ಯಾಂಡ್, ಫ್ರಾನ್ಸ್, ಅಮೆರಿಕದ ಮೂರು ತಂಡಗಳು ಬೇರೆ ಬೇರೆಯಾಗಿ ಹುಡುಕಿ ಒಂದೇ ಜಾಗಕ್ಕೆ ಬಂದು ನಿಂತವು. 15ನೇ ಕ್ರೋಮೋಸೋಮಿನ, ಅಂದರೆ ಜೀನುಗಳನ್ನು ಪೋಣಿಸಿದ 15ನೇ ಸರದ, ಒಂದು ತುಣುಕು. ಅಲ್ಲಿರುವುದು ಶ್ವಾಸಕೋಶದ ಜೀನ್ ಅಂತ ಅಲ್ಲ, ನಿಕೋಟಿನ್ ಹೋಗಿ ಕೂರುವ ಕುರ್ಚಿಯಂಥ ಪ್ರೋಟೀನುಗಳನ್ನು ಮಾಡುವ ಜೀನುಗಳು. ಅದರಲ್ಲಿ ಒಂದಕ್ಕೆ ಸಿಎಚ್‌ಆರ್‌ಎನ್‌ಎ5 ಅಂತ ಹೆಸರು, ನೆನಪಿಟ್ಟುಕೊಳ್ಳುವ ಅಗತ್ಯ ಇಲ್ಲ. ಆ ಜೀನಿನಲ್ಲಿ ಒಂದೇ ಒಂದು ಅಕ್ಷರ ಬೇರೆ ಇದ್ದರೆ ಸಾಕು. ಅಪ್ಪನಿಂದಲೋ ಅವ್ವನಿಂದಲೋ ಒಂದು ಪ್ರತಿ ಬಂದಿದ್ದರೆ ಅಪಾಯ ಸುಮಾರು 30 ಪರ್ಸೆಂಟ್ ಏರುತ್ತದೆ, ಇಬ್ಬರಿಂದಲೂ ಬಂದಿದ್ದರೆ 70-80 ಪರ್ಸೆಂಟ್. ಇದು ನೇರವಾಗಿ ಕ್ಯಾನ್ಸರ್ ತರುತ್ತದಾ ಅಥವಾ ಜಾಸ್ತಿ ಸೇದಿಸಿ ತರುತ್ತದಾ ಎಂದು ಆ ತಂಡಗಳ ನಡುವೆಯೇ ಜಗಳ ಆಯಿತು. ಆಮೇಲೆ ಬಂದ ಅಧ್ಯಯನಗಳು ಹೆಚ್ಚಾಗಿ ಎರಡನೆಯದರ ಕಡೆಗೇ ವಾಲಿದವು. ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡದ್ದು ಇದು: ನಿಕೋಟಿನ್ ಜಾಸ್ತಿ ಆದಾಗ ಸಾಮಾನ್ಯವಾಗಿ ಮೆದುಳಿಗೆ ಓಕರಿಕೆ ಬಂದಂತಾಗಿ "ಸಾಕು" ಅನ್ನಿಸುತ್ತದೆ. ಆ ಜೀನ್ ಸರಿಯಾಗಿ ಕೆಲಸ ಮಾಡದ ಇಲಿಗೆ ಅದು ಅನ್ನಿಸುವುದೇ ಇಲ್ಲ, ಎಳೆಯುತ್ತಲೇ ಹೋಗುತ್ತದೆ. ಮನುಷ್ಯರಲ್ಲೂ ಈ ಮಾರ್ಪಾಡು ಇರುವವರು ಒಂದೊಂದು ಸಿಗರೇಟಿನಿಂದಲೂ ಜಾಸ್ತಿ ನಿಕೋಟಿನ್ ಒಳಗೆ ತೆಗೆದುಕೊಳ್ಳುತ್ತಾರೆ, ಅದರ ಬೆನ್ನಿಗೆ ಡಾಂಬರಿನಂಥ ವಿಷವೂ ಹೋಗುತ್ತದೆ. ಸೇದದವರಲ್ಲಿ ಇದೇ ಮಾರ್ಪಾಡು ಹೆಚ್ಚುಕಮ್ಮಿ ಸುಮ್ನೆ ಕೂತಿರುತ್ತದೆ.

ಬೀಡಿ ಎಲೆಯದು, ತಂಬಾಕು ಕಡಿಮೆ, ಹಗುರ ಅನ್ನುವ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಅದಕ್ಕೆ ಫಿಲ್ಟರ್ ಇಲ್ಲ. ಎಲೆ ಪಕ್ಕನೆ ಆರುತ್ತದೆ, ಆರದ ಹಾಗೆ ಜೋರಾಗಿ, ಪದೇ ಪದೇ ಎಳೆಯಬೇಕು. ನೀವೇ ಎಳೆದು ನೋಡಿದ್ದೀರಲ್ಲ. ಜೊತೆಗೆ ನಿಮ್ಮ ಕೆಲಸ ಟಿಪ್ಪರಿನದು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಗಾಡಿ ಬಿಡಿ ಎಂದು ಹೇಳಲಾರೆ, ಮನೆ ನಡೆಯಬೇಕು. ಲೋಡಿಂಗಿಗೆ ಪಾಳಿಯಲ್ಲಿ ನಿಂತಾಗ ಇಂಜಿನ್ ಆಫ್ ಮಾಡಿ.

ನಿಮಗೆ 36. 40ರೊಳಗೆ ಬಿಟ್ಟವರು ಸೇದುವುದರಿಂದ ಬರುವ ಹೆಚ್ಚುವರಿ ಸಾವಿನ ಅಪಾಯದಲ್ಲಿ ಸುಮಾರು 90 ಪರ್ಸೆಂಟ್ ತಪ್ಪಿಸಿಕೊಳ್ಳುತ್ತಾರೆ. ನಾಲ್ಕು ವರ್ಷ ಟೈಮ್ ಇದೆ ಅಂದುಕೊಳ್ಳಬೇಡಿ ಮತ್ತೆ. 1800-11-2356 ಸರ್ಕಾರದ ನಂಬರ್, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ನಿಮ್ಮ ಜೇಬಿನ ಕಟ್ಟಿನ ಮೇಲೂ ಆ ನಂಬರ್ ಇರುತ್ತದೆ ನೋಡಿ, ಹೆದರಿಸುವ ಚಿತ್ರದ ಹತ್ತಿರ.

ಪ್ರಶ್ನೆ: ನಾನು ಶಾಲೆಯಲ್ಲಿ ಟೀಚರ್. ನಮ್ಮ ಅವ್ವ ಜೀವನದಲ್ಲಿ ಬೀಡಿ ಮುಟ್ಟಿದವರಲ್ಲ, ಅಪ್ಪಾಜಿಗೂ ಆ ಚಟ ಇಲ್ಲ. ಆದರೂ ಅವ್ವನಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿದೆ. ರಿಪೋರ್ಟಿನಲ್ಲಿ "ಇಜಿಎಫ್‌ಆರ್ ಮ್ಯುಟೇಶನ್ ಪಾಸಿಟಿವ್" ಅಂತ ಇದೆ. ಜೀನ್ ದೋಷ ಅಂತ ಯಾರೋ ಹೇಳಿದ್ದೇ ತಡ, ಊರೆಲ್ಲಾ ಸುದ್ದಿ. ತಂಗಿಗೆ ಬಂದಿದ್ದ ಸಂಬಂಧದವರು "ನೋಡಿ ಹೇಳ್ತೀವಿ" ಅಂತ ಸುಮ್ಮನಾಗಿದ್ದಾರೆ. ನಾವಿಬ್ಬರೂ ಟೆಸ್ಟ್ ಮಾಡಿಸಬೇಕಾ ಮೇಡಂ ಅಥವಾ ಸರ್? ರಿಪೋರ್ಟಿನಲ್ಲಿ "ಎಕ್ಸಾನ್ 19 ಡಿಲೀಷನ್" ಅಂತಲೂ ಇದೆ. (ಭಾಲ್ಕಿ)

ಉತ್ತರ: ಸರ್ ಅಂದರೂ ಸೈ, ಮೇಡಂ ಅಂದರೂ ಸೈ. ನಿಮ್ಮ ಕಾಗದ ಓದಿ ಹೊಟ್ಟೆ ಉರಿಯಿತು, ಕಾಯಿಲೆಗಿಂತ ಆ "ನೋಡಿ ಹೇಳ್ತೀವಿ" ಮೇಲೆ.

ಇಜಿಎಫ್‌ಆರ್ ಅನ್ನುವುದು ಜೀವಕೋಶಕ್ಕೆ "ಬೆಳೆ" ಎಂದು ಹೇಳುವ ಒಂದು ಜೀನ್, ಮ್ಯುಟೇಶನ್ ಅಂದರೆ ಅದರಲ್ಲಿ ಆದ ಬದಲಾವಣೆ. ರಿಪೋರ್ಟನ್ನು ಇನ್ನೊಮ್ಮೆ ತೆಗೆಯಿರಿ. ಮೇಲುಗಡೆ, ಅವ್ವನ ಹೆಸರು-ವಯಸ್ಸಿನ ಕೆಳಗೆ, ಯಾವ ಮಾದರಿ ಪರೀಕ್ಷೆ ಮಾಡಿದ್ದು ಎಂದು ಒಂದು ಸಾಲು ಇರುತ್ತದೆ. ಟಿಶ್ಯೂ ಅಥವಾ ಬ್ಲಾಕ್ ಅಂತ ಇದ್ದರೆ, ಅದು ಸೂಜಿ ಹಾಕಿ ತೆಗೆದ ಗಂಟಿನ ಚೂರು, ಮೇಣದ ಅಚ್ಚಿನಲ್ಲಿ ಇಟ್ಟದ್ದು. ಅಂದರೆ ನೋಡಿದ್ದು ಗಂಟಿನ ಜೀನನ್ನು. ಅವ್ವ ಹುಟ್ಟುವಾಗ ತಂದ ಜೀನನ್ನಲ್ಲ. ಇವೆರಡೂ ಬೇರೆ ಬೇರೆ, ಇದೊಂದು ಗೊತ್ತಾದರೆ ಅರ್ಧ ಗಾಬರಿ ಇಳಿಯುತ್ತದೆ. ಹುಟ್ಟಿನಿಂದ ಬಂದ ಬದಲಾವಣೆ ಮೈಯ ಎಲ್ಲ ಜೀವಕೋಶಗಳಲ್ಲಿ ಇರುತ್ತದೆ, ಅದು ಮಕ್ಕಳಿಗೆ ಹೋಗಬಹುದು. ಅವ್ವನಿಗೆ ಆದದ್ದು, ಎಷ್ಟೋ ವರ್ಷ ಆದ ಮೇಲೆ ಶ್ವಾಸಕೋಶದ ಒಂದು ಜೀವಕೋಶದಲ್ಲಿ ಬಂದ ತಪ್ಪು. ಆ ಒಂದು ಕೋಶ ಎರಡಾಯಿತು, ನಾಲ್ಕಾಯಿತು, ಗಂಟಾಯಿತು. ಅದು ನಿಮ್ಮಿಬ್ಬರಿಗೆ ಬರಲು ದಾರಿಯೇ ಇಲ್ಲ. ನೀವು ಹುಟ್ಟುವಾಗ ಅದು ಅವ್ವನಲ್ಲೂ ಇರಲಿಲ್ಲ.

ಇದಕ್ಕೆ ಒಂದು ಅಪರೂಪದ ತಿರುವು ಇದೆ, ಹೇಳದಿದ್ದರೆ ತಪ್ಪಾಗುತ್ತದೆ. ಅದೇ ಇಜಿಎಫ್‌ಆರ್ ಜೀನಿನಲ್ಲಿ ಟಿ790ಎಂ ಅನ್ನುವ ಬದಲಾವಣೆ ತೀರಾ ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಂಥ ಒಂದು ಕುಟುಂಬದ ವರದಿ ಬಂತು. ಸಾಮಾನ್ಯವಾಗಿ ಟಿ790ಎಂ ಕಾಣಿಸಿಕೊಳ್ಳುವುದು ಈ ಮ್ಯುಟೇಶನ್ನಿಗೆಂದೇ ಕೊಡುವ ಮಾತ್ರೆ ಶುರು ಮಾಡಿದ ಮೇಲೆ, ಔಷಧಿಗೆ ಗಂಟು ಜಗ್ಗದೆ ಹೋದಾಗ. ಮಾತ್ರೆ ಶುರು ಮಾಡುವ ಮೊದಲೇ ರಿಪೋರ್ಟಿನಲ್ಲಿ ಅದು ಇದ್ದರೆ ಮಾತ್ರ "ಇದು ಹುಟ್ಟಿನದಾ, ರಕ್ತದಲ್ಲಿ ನೋಡಬೇಕಾ" ಎಂದು ನಿಮ್ಮ ಡಾಕ್ಟರನ್ನು ಕೇಳಿ. ನಿಮ್ಮ ಅವ್ವನದು "ಎಕ್ಸಾನ್ 19 ಡಿಲೀಷನ್" ಎಂದು ನೀವೇ ಕೊನೆಯಲ್ಲಿ ಬರೆದಿದ್ದೀರಿ. ಆ ಜೀನಿನ ಒಂದು ಚೂರು ಬಿಟ್ಟುಹೋಗಿದೆ ಎಂದು ಅದರ ಅರ್ಥ, ಅದು ಗಂಟಿನದೇ. ನಿಮಗೂ ತಂಗಿಗೂ ಟೆಸ್ಟ್ ಬೇಡ. ಇನ್ನೊಂದು ಮಾತು: ರಕ್ತದಿಂದಲೂ ಗಂಟಿನ ಜೀನ್ ನೋಡುವ ಪರೀಕ್ಷೆ ಈಗ ಇದೆ, ಹಾಗಾಗಿ ಮಾದರಿ ರಕ್ತ ಅಂತ ಇದ್ದಾಕ್ಷಣ ವಂಶದ್ದು ಎಂದು ತಿಳಿಯಬೇಡಿ.

ನಿಜ ಹೇಳಬೇಕೆಂದರೆ ಆ "ಪಾಸಿಟಿವ್" ಒಳ್ಳೆಯ ಸುದ್ದಿ. ನಮ್ಮ ದೇಶದಲ್ಲಿ ಅಡಿನೋಕಾರ್ಸಿನೋಮ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ ಜನರಿಗೆ ಇದು ಇರುತ್ತದೆ. ಇರುವವರಿಗೆ ಜೆಫಿಟಿನಿಬ್, ಆಸಿಮರ್ಟಿನಿಬ್‌ನಂಥ ಮಾತ್ರೆ ಇದೆ, ಮನೆಯಲ್ಲೇ ನುಂಗುವಂಥದ್ದು. ಪೂರ್ತಿ ವಾಸಿ ಮಾಡುತ್ತದೆ ಎಂದು ಹೇಳುತ್ತಿಲ್ಲ. ಆದರೆ ಎಷ್ಟೋ ಜನರು ಎದ್ದು ಓಡಾಡಿಕೊಂಡು ಇರುವುದನ್ನು ನೋಡಿದ್ದೇನೆ. ಕಮಲಾಪುರದ ಕಡೆಯ ಒಬ್ಬ ಅಜ್ಜಿ ಮಾತ್ರೆ ಶುರುವಾದ ಮೂರನೇ ತಿಂಗಳಿಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಒಬ್ಬರೇ ಬಸ್ಸಿಗೆ ಬಂದರು. ಮುಖದ ತುಂಬ ಮೊಡವೆಯಂಥ ಗುಳ್ಳೆ, ಅದು ಆ ಮಾತ್ರೆಯ ಗುಣ. "ವಯಸ್ಸು ತಿರುಗಿ ಬಂತು ನೋಡ್ರಿ" ಎಂದು ನಕ್ಕರು.

ಹಾಗಾದರೆ ಸೇದದ ಅವ್ವನಿಗೆ ಬಂದದ್ದು ಹೇಗೆ? ಒಂದೇ ಕಾರಣ ತೋರಿಸಲು ಆಗುವುದಿಲ್ಲ. 5ನೇ ಕ್ರೋಮೋಸೋಮಿನಲ್ಲಿ ಟೆರ್ಟ್ ಎಂಬ ಜೀನ್ ಇದೆ, ಜೀವಕೋಶದ ವಯಸ್ಸಿನ ಲೆಕ್ಕ ಇಡುವ ಜೀನ್ ಅನ್ನಬಹುದು. ಅದರ ಆಸುಪಾಸಿನ ಸಣ್ಣ ವ್ಯತ್ಯಾಸಗಳು ಸೇದದ ಹೆಂಗಸರಲ್ಲೂ ಅಪಾಯವನ್ನು ಸ್ವಲ್ಪ ಏರಿಸುತ್ತವೆ. ಸ್ವಲ್ಪ ಅಷ್ಟೇ. ಅದಕ್ಕಿಂತ ನನಗೆ ಎದ್ದು ಕಾಣುವುದು ಒಲೆ. ಗ್ಯಾಸ್ ಬರುವ ಮೊದಲು 30 ವರ್ಷ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು ಉರಿಸಿ, ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ರೊಟ್ಟಿ ತಟ್ಟಿದ ಹೆಂಗಸರು "ನಾನು ಹೊಗೆ ಕುಡಿದವಳಲ್ಲ" ಅಂತಾರೆ. ಗೋಡೆ ನೋಡಿ, ಮೇಲಿನ ಜಂತಿ ನೋಡಿ, ಕರ್ರಗೆ ಹೊಳೆಯುತ್ತಿರುತ್ತದೆ.

ಆ ಸಂಬಂಧದವರಿಗೆ ಈ ಪುಟ ಹರಿದು ಕಳಿಸಿ. ಆಗಲೂ ನೋಡಿ ಹೇಳ್ತೀವಿ ಅಂದರೆ, ನೀವೇ ಬೇಡ ಅಂದುಬಿಡಿ.

ಪ್ರಶ್ನೆ: ನಮ್ಮ ಮುತ್ಯಾಗೆ 91 ವರ್ಷ. ದನ ಕಾಯುವ ಹುಡುಗ ಇದ್ದಾಗಿನಿಂದ ಬೀಡಿ. ಈಗಲೂ ಕಟ್ಟೆ ಮೇಲೆ ಕೂತು ಸೇದುತ್ತಾರೆ, ಕೆಮ್ಮೂ ಇಲ್ಲ. ನಮ್ಮ ವಂಶದ ಜೀನ್ ಗಟ್ಟಿ ಅಂತ ಅಲ್ವಾ? (ಶಹಾಪುರ)

ಉತ್ತರ: ಇರಬಹುದು. ಜೀವನವಿಡೀ ಸೇದಿದವರಲ್ಲೂ ಬಹುಪಾಲು ಜನರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವುದಿಲ್ಲ. ಅವರನ್ನು ಹಾರ್ಟು, ದಮ್ಮು, ಪಾರ್ಶ್ವವಾಯು ಬೇರೆ ದಾರಿಯಲ್ಲಿ ಹಿಡಿಯುತ್ತವೆ. ಮುತ್ಯಾನಲ್ಲಿ ಇರುವ ಒಳ್ಳೆಯ ಜೀನುಗಳಲ್ಲಿ ನಿಮಗೆ ಬಂದಿರುವುದು ಸುಮಾರು ಕಾಲು ಭಾಗ, ಯಾವ ಕಾಲು ಭಾಗ ಎಂದು ಆರಿಸಿಕೊಳ್ಳಲು ಆಗುವುದಿಲ್ಲ. ಮುತ್ಯಾನ ಜೊತೆ ದನ ಕಾಯುತ್ತಾ ಬೀಡಿ ಕಲಿತ ಗೆಳೆಯರು ಎಷ್ಟು ಜನ, ಈಗ ಕಟ್ಟೆ ಮೇಲೆ ಎಷ್ಟು ಜನ ಇದ್ದಾರೆ ಎಂದು ಅವರನ್ನೇ ಕೇಳಿ.

ಪ್ರಶ್ನೆ: ನನಗೆ ಅಕ್ಕನ ಮಗಳನ್ನೇ ತಂದುಕೊಳ್ಳಬೇಕು ಎಂದು ಮನೆಯಲ್ಲಿ ಮಾತು ನಡೆದಿದೆ. ನನ್ನ ಅವ್ವ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಎರಡೂ ಕಡೆಯಿಂದ ಅದೇ ರಕ್ತ ಸೇರಿ ಮಕ್ಕಳಿಗೆ ಖಂಡಿತ ಬರುತ್ತದೆ ಅಂತಾರೆ. (ಸೇಡಂ)

ಉತ್ತರ: ಖಂಡಿತ ಅನ್ನುವುದು ಸುಳ್ಳು. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ, ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ಕಾಯಿಲೆಗಳು ಮಕ್ಕಳಿಗೆ ಬರುವ ಸಂಭವ ಜಾಸ್ತಿ. ಥಲಸ್ಸೀಮಿಯಾ, ಹುಟ್ಟು ಕಿವುಡು, ಮಕ್ಕಳ ಕೆಲವು ಮೆದುಳಿನ ಕಾಯಿಲೆ, ಅಂಥವು. ಅದಕ್ಕಾಗಿ ಅಕ್ಕನ ಮಗಳು ಬೇಡ ಎಂದು ನಾನೂ ಹೇಳುತ್ತೇನೆ. ಶ್ವಾಸಕೋಶದ ಕ್ಯಾನ್ಸರ್ ಈ ಲೆಕ್ಕದಲ್ಲಿ ಬರುವುದಿಲ್ಲ. ಅದರಲ್ಲಿ ಹತ್ತಾರು ಸಣ್ಣ ಸಣ್ಣ ಮಾರ್ಪಾಡುಗಳು ತಲಾ ಚೂರು ಚೂರು ಕೈ ಹಾಕುತ್ತವೆ, ಹೊಗೆ ಕೊಡಲಿ ಹಾಕುತ್ತದೆ. ಮದುವೆ ಬೇಡ ಅನ್ನಲು ಸರಿಯಾದ ಕಾರಣ ಇರುವಾಗ ತಪ್ಪು ಕಾರಣ ಯಾಕೆ?

ಪ್ರಶ್ನೆ: ಕಂಪನಿ ಕೆಲಸ, ಮನೆಯಿಂದಲೇ. ದೊಡ್ಡಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್ ಇತ್ತು. ಆನ್‌ಲೈನಲ್ಲಿ ಉಗುಳು ಕಳಿಸಿದರೆ ಜೀನ್ ನೋಡಿ ಯಾವ ಕ್ಯಾನ್ಸರ್ ಬರುತ್ತೆ ಅಂತ ಹೇಳುವ ಕಿಟ್ ಇದೆ, ಆಫರ್ ನಡೀತಿದೆ. ತಗೊಳ್ಳಲಾ? (ಕಲಬುರಗಿ)

ಉತ್ತರ: ಈ ಕಾಯಿಲೆಗೋಸ್ಕರ ಬೇಡ. ಬರುತ್ತದೆ, ಬರುವುದಿಲ್ಲ ಎಂದು ಯಾವ ಕಿಟ್ಟೂ ಹೇಳಲಾರದು. ಸಿಕ್ಕ ಮಾರ್ಪಾಡುಗಳಲ್ಲಿ ಹೆಚ್ಚಿನವು ಅಪಾಯವನ್ನು ಹತ್ತು-ಮೂವತ್ತು ಪರ್ಸೆಂಟ್ ಅತ್ತಿತ್ತ ಮಾಡುವಂಥವು. ಅದೂ ಬಹುತೇಕ ಯೂರೋಪ್ ಮತ್ತು ಪೂರ್ವ ಏಷ್ಯಾದ ಜನರ ರಕ್ತ ನೋಡಿ ಕಂಡುಕೊಂಡದ್ದು. ಆ ಅಳತೆಪಟ್ಟಿ ತಂದು ಕಲಬುರಗಿಯ ಮನುಷ್ಯನಿಗೆ ಇಟ್ಟರೆ ಎಷ್ಟು ಸರಿ ಕೂರುತ್ತದೆ? "ಲೋ ರಿಸ್ಕ್" ಎಂದು ಬಂದರೆ ಸಂಜೆ ಚಹಾದ ಜೊತೆ ಸಿಗರೇಟು ಹಚ್ಚುವವರನ್ನು ಕಂಡಿದ್ದೇನೆ, ನನ್ನ ಭಯ ಅದೇ.

ಜೀನ್ ಪರೀಕ್ಷೆಗೆ ನಿಜವಾಗಿಯೂ ಅರ್ಥ ಇರುವ ಮನೆತನಗಳು ಬೇರೆ. ಒಂದೇ ಕಡೆಯ ರಕ್ತಸಂಬಂಧದಲ್ಲಿ ಹಲವರಿಗೆ, ಚಿಕ್ಕ ವಯಸ್ಸಿಗೇ, ಬೇರೆ ಬೇರೆ ಕ್ಯಾನ್ಸರ್: ಒಬ್ಬರಿಗೆ 30ಕ್ಕೇ ಸ್ತನದ್ದು, ಇನ್ನೊಬ್ಬರಿಗೆ ಮೂಳೆಯದ್ದು, ಒಂದು ಮಗುವಿಗೆ ಮೆದುಳಿನದ್ದು. ಟಿಪಿ53 ಎಂಬ ಕಾವಲುಗಾರ ಜೀನ್ ಹುಟ್ಟಿನಿಂದಲೇ ಕೆಟ್ಟಿದ್ದರೆ ಹೀಗಾಗುತ್ತದೆ, ಆ ಮನೆಯವರಿಗೆ ಶ್ವಾಸಕೋಶದ್ದೂ ಬರಬಹುದು. ಸ್ತನ ಕ್ಯಾನ್ಸರಿಗೆ ಹೆಸರಾದ ಬಿಆರ್‌ಸಿಎ2 ಜೀನಿನ ಒಂದು ಅಪರೂಪದ ಮಾರ್ಪಾಡು ಶ್ವಾಸಕೋಶದ ಕ್ಯಾನ್ಸರಿನ ಅಪಾಯವನ್ನೂ ಸುಮಾರು ಎರಡು ಪಟ್ಟು ಮಾಡುತ್ತದೆ ಎಂದು 2014ರಲ್ಲಿ ಗೊತ್ತಾಯಿತು. ಅಂಥ ಮನೆತನದವರು ಕಿಟ್ ತರಿಸಬಾರದು, ಕ್ಯಾನ್ಸರ್ ಆಸ್ಪತ್ರೆಯ ಜೆನೆಟಿಕ್ ಕೌನ್ಸೆಲಿಂಗಿಗೆ ಹೋಗಬೇಕು. ಮೊದಲು ಪರೀಕ್ಷೆ ಆಗಬೇಕಾದ್ದು ಕಾಯಿಲೆ ಇರುವವರಿಗೆ. ಒಬ್ಬ ದೊಡ್ಡಪ್ಪ, ಅದೂ 70 ದಾಟಿದ ಮೇಲೆ (ನಿಮ್ಮ ಮೆಸೇಜಿನಲ್ಲಿ ಹಾಗೆ ಇದೆ), ಇದಕ್ಕೆ ಸೇರುವುದಿಲ್ಲ. ಉಳಿದ ದುಡ್ಡಿಗೆ ಅವ್ವನ ಅಡುಗೆಮನೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ.

ಪ್ರಶ್ನೆ: ನಮ್ಮಣ್ಣನಿಗೆ ಕೆಮ್ಮು, ತೂಕ ಇಳಿಯಿತು. ಟಿ.ಬಿ. ಅಂತ ಹೇಳಿ ಐದು ತಿಂಗಳು ಮಾತ್ರೆ ಕೊಟ್ಟರು. ಕಫದಲ್ಲಿ ಏನೂ ಸಿಕ್ಕಿರಲಿಲ್ಲ, ಎಕ್ಸ್-ರೇ ನೋಡಿಯೇ ಕೊಟ್ಟದ್ದು. ಕೊನೆಗೆ ಬೇರೆ ಕಡೆ ತೋರಿಸಿದಾಗ ಕ್ಯಾನ್ಸರ್ ಅಂದರು, ಆಗಲೇ ಹರಡಿತ್ತು. ಈಗ ನನಗೂ ಒಂದು ತಿಂಗಳಿಂದ ಕೆಮ್ಮು. ವಯಸ್ಸು 54, 25 ವರ್ಷ ದಿನಾ ಒಂದು ಪ್ಯಾಕ್ ಸಿಗರೇಟು ಸೇದಿ, ಅಣ್ಣ ಹೋದ ಮೇಲೆ ಬಿಟ್ಟೆ. (ಹುಮನಾಬಾದ್)

ಉತ್ತರ: ಅಣ್ಣಾವ್ರೆ, ಇಂಥ ಕಾಗದ ಇದೊಂದೇ ಅಲ್ಲ. ನಮ್ಮ ಬೀದರ, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಟಿ.ಬಿ. ಬಹಳ, ಹಾಗಾಗಿ ಫಿಲ್ಮಿನ ಮೇಲೆ ಬಿಳಿ ಮಚ್ಚೆ ಕಂಡರೆ ಮೊದಲು ಮನಸ್ಸು ಅಲ್ಲಿಗೇ ಹೋಗುತ್ತದೆ. ಎರಡೂ ಕೆಮ್ಮೇ, ಎರಡರಲ್ಲೂ ತೂಕ ಇಳಿಯುತ್ತದೆ, ರಕ್ತ ಬೀಳುತ್ತದೆ. ಆದರೆ ಕಫದ ಸಿಬಿನ್ಯಾಟ್ ಪರೀಕ್ಷೆಯಲ್ಲಿ ಟಿ.ಬಿ. ಸಿಗದೆ, ಎರಡು ತಿಂಗಳು ಮಾತ್ರೆ ನುಂಗಿದರೂ ಸುಧಾರಿಸದೆ ಇದ್ದರೆ, ಅಲ್ಲಿಗೇ ನಿಲ್ಲಿಸಿ ಸಿ.ಟಿ. ಮಾಡಿಸಲೇಬೇಕು, ಗಂಟು ಕಂಡರೆ ಬಯಾಪ್ಸಿ. ಬಯಾಪ್ಸಿ ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಹಿಂಜರಿಯುವವರು ಇದ್ದಾರೆ. ಆ ಭಯಕ್ಕೆ ಕೂತು ಕಾಯಿಲೆ ಹರಡಿಸಿಕೊಂಡವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ನಿಮ್ಮ ವಿಷಯ. ದಿನಕ್ಕೆ ಒಂದು ಪ್ಯಾಕಿನ ಲೆಕ್ಕದಲ್ಲಿ 20 ವರ್ಷವೋ ಅದಕ್ಕಿಂತ ಜಾಸ್ತಿಯೋ ಸೇದಿ, 50ರಿಂದ 80ರ ಒಳಗಿದ್ದು, ಇನ್ನೂ ಸೇದುತ್ತಿರುವವರಿಗೆ ಅಥವಾ 15 ವರ್ಷದ ಈಚೆಗೆ ಬಿಟ್ಟವರಿಗೆ, ಲಕ್ಷಣ ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಕಡಿಮೆ ಡೋಸಿನ ಸಿ.ಟಿ. ಮಾಡಿಸಬೇಕು ಎಂದು ಅಮೆರಿಕದಲ್ಲಿ ಸಲಹೆ ಇದೆ. ಎಕ್ಸ್-ರೇ ಮಾಡಿಸಿದವರಿಗಿಂತ ಇದನ್ನು ಮಾಡಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು 20 ಪರ್ಸೆಂಟ್ ಕಡಿಮೆ ಇತ್ತು ಎಂದು 2011ರ ದೊಡ್ಡ ಅಧ್ಯಯನ ತೋರಿಸಿತು. ಆದರೆ ನಿಮಗೆ ಲಕ್ಷಣ ಇದೆ, ಒಂದು ತಿಂಗಳ ಕೆಮ್ಮು, ಜೊತೆಗೆ ಅಣ್ಣನ ಕಥೆ. ನಿಮ್ಮದು ಸ್ಕ್ರೀನಿಂಗ್ ಮಾತೇ ಅಲ್ಲ, ತೋರಿಸಿಕೊಳ್ಳುವ ಮಾತು. ಕೆಮ್ಮಿದವರಲ್ಲಿ ಬಹಳ ಜನರಿಗೆ ಬೇರೆ ಏನೋ ಸಣ್ಣದೇ ಇರುತ್ತದೆ, ಅದು ನಿಜ. ಗೊತ್ತಾಗುವುದು ನೋಡಿದ ಮೇಲೆ ಮಾತ್ರ.

ಬೀದರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಬ್ರಿಮ್ಸ್‌ನ ಎದೆರೋಗ ವಿಭಾಗಕ್ಕೆ ಈ ವಾರವೇ ಹೋಗಿ. ಮುಂದೆ ಬೇಕಾದರೆ ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಇದೆ, ಎಲ್ಲದಕ್ಕೂ ಬೆಂಗಳೂರಿಗೇ ಓಡಬೇಕಿಲ್ಲ. ಹೋದ ತಕ್ಷಣ ಎರಡು ಮಾತು ಹೇಳಿ: ಎಷ್ಟು ವರ್ಷ ಸೇದಿದ್ದೀರಿ, ಅಣ್ಣನಿಗೆ ಏನಾಗಿತ್ತು. ಕೇಳಲಿ ಎಂದು ಕಾಯಬೇಡಿ. ಹಿಂದೆ ಎಂದಾದರೂ ತೆಗೆಸಿದ ಎಕ್ಸ್-ರೇ ಇದ್ದರೆ, ಪೆಟ್ಟಿಗೆ ತಳದಲ್ಲೋ ಹಾಸಿಗೆ ಕೆಳಗೋ ಮಡಚಿ ಇಟ್ಟಿರುತ್ತೀರಿ, ಅದನ್ನೂ ಒಯ್ಯಿರಿ. ಹತ್ತು ವರ್ಷದ ಹಿಂದೆಯೂ ಅದೇ ಮಚ್ಚೆ ಅಷ್ಟೇ ಗಾತ್ರದಲ್ಲಿ ಇದ್ದರೆ ಅದು ಬಹುಶಃ ಹಳೆಯ ಗಾಯದ ಕಲೆ. ಹೊಸದಾಗಿ ಬಂದಿದ್ದರೆ, ಅಥವಾ ಬೆಳೆದಿದ್ದರೆ, ಡಾಕ್ಟರು ಅವತ್ತೇ ಸಿ.ಟಿ.ಗೆ ಬರೆಯುತ್ತಾರೆ.